ಮತದಾರನ ಕೈಯಲ್ಲಿರುವ ಅಧಿಕಾರ

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು ಎಂದು ಪೌರನೀತಿಯ ಪಾಠದಲ್ಲಿ ಅನೇಕ ವರ್ಷ ಬೋಧಿಸಿದ್ದೇನೆ. “ಹಾಗಾದರೆ ನಮ್ಮಪ್ಪ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದೇಕೆ ಸಾರ್?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಅಂದು ನೀಡಲಾಗದ ಉತ್ತರವನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನಿವೇದಿಸುತ್ತೇನೆ.

ಮತಕ್ಕೆ ಬಲವಿರುವುದು ನಿಜ. ಅನಂತಪುರ ಜಿಲ್ಲೆಯವರೇ ಆದ ನೀಲಂ ಸಂಜೀವ ರೆಡ್ಡಿಯವರು 1967ರಲ್ಲಿ ಹಿಂದೂಪುರದಿಂದ ಗೆದ್ದು ಲೋಕಸಭೆಯ ಅಧ್ಯಕ್ಷರಾದರು. 1971ರಲ್ಲಿ ಅನಂತಪುರದಲ್ಲಿ ಸೋತರು. 1989ರಲ್ಲಿ ಮುಖ್ಯಮಂತ್ರಿ ಎನ್.ಟಿ. ರಾಮರಾಯರು ಹಿಂದೂಪುರದಲ್ಲಿ ಗೆದ್ದರೂ ಕಲ್ವಕುರ್ತಿಯಲ್ಲಿ ಪರಾಭವಗೊಂಡರು. ಅವರ ಸರ್ಕಾರವೂ ಉಳಿಯಲಿಲ್ಲ. ದೊಡ್ಡವರನ್ನು ಕೆಳಗಿಳಿಸುವ ಶಕ್ತಿ ಸಾಮಾನ್ಯನಿಗೆ ಉಂಟು.

ಆದರೆ ಎಲ್ಲವೂ ಮತಪೆಟ್ಟಿಗೆಯಲ್ಲಿ ತೀರ್ಮಾನವಾಗುವುದಿಲ್ಲ. 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ನಮ್ಮ ಕಲ್ಯಾಣದುರ್ಗದ ನೆರೆಯ ರಾಯದುರ್ಗವು ಆದವಾನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಬಂದಿತು. ಅದಕ್ಕಾಗಿ ಜನಮತಗಣನೆ ನಡೆಯಲಿಲ್ಲ. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಬರಿಯ ಎಣಿಕೆಯಿಂದ ನಮ್ಮ ಭಾಷೆಗೆ ರಕ್ಷಣೆ ದೊರೆಯದು. ಇಂಥವರಿಗಾಗಿಯೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ.

ವಿಧಿ ಇದ್ದ ಮಾತ್ರಕ್ಕೆ ಶಿಕ್ಷಕರು ಬರುವುದಿಲ್ಲ. ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕರ ಹುದ್ದೆ ಬಹುಕಾಲ ಖಾಲಿಯಿತ್ತು. ಮತ ಕೇಳಲು ಬಂದವರೆಲ್ಲರೂ ಭರವಸೆಯಿತ್ತರು. ಚುನಾವಣೆ ಮುಗಿಯಿತು, ಹುದ್ದೆ ಖಾಲಿಯೇ ಉಳಿಯಿತು. ಕೊನೆಗೆ ಪೋಷಕರು ಹಾಜರಿ ಪುಸ್ತಕದ ನಕಲು ಲಗತ್ತಿಸಿ, ಸಹಿ ಹಾಕಿದ ಮನವಿಯನ್ನು ತಿಂಗಳು ತಿಂಗಳೂ ಕೊಂಡೊಯ್ದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದರು. ಮರುವರ್ಷ ಶಿಕ್ಷಕರು ಬಂದರು. ಇಂದು ಗ್ರಾಮಸಭೆಯಿದೆ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೇಳುವ ಅಧಿಕಾರವೂ ಇದೆ.

ಆ ವಿದ್ಯಾರ್ಥಿಗೆ ಈಗ ಹೇಳುವುದಿಷ್ಟೇ: ಅಪ್ಪಾ, ಮತವು ನಮ್ಮ ಅಧಿಕಾರದ ಆರಂಭ ಮಾತ್ರ. ಮತ ಹಾಕಿ ಮನೆ ಸೇರಿದವನು ಬಾಗಿಲಲ್ಲಿ ಒಬ್ಬನೇ ನಿಲ್ಲಬೇಕಾಗುತ್ತದೆ; ನೆರೆಹೊರೆಯವರೊಡನೆ, ಕೈಯಲ್ಲಿ ಬರಹ ಹಿಡಿದು ಹೋದವನಿಗೆ ಕುರ್ಚಿ ದೊರೆಯದಿದ್ದರೂ ಉತ್ತರ ದೊರೆಯುತ್ತದೆ. ಆದರೆ ಮಕ್ಕಳೇ ಇಲ್ಲದ ಶಾಲೆಗೆ ಶಿಕ್ಷಕರನ್ನು ಕೇಳುವ ಹಕ್ಕು ಯಾರಿಗಿದೆ? ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ, ಮೊಮ್ಮಕ್ಕಳ ಹೆಸರನ್ನು ಇಲ್ಲಿನ ದಾಖಲಾತಿ ಪುಸ್ತಕದಲ್ಲಿ ಬರೆಸಲಿ. ಅದೂ ಒಂದು ಮತದಾನವೇ.