ಗಂಬೂಟಿನೊಳಗೆ ಕಾಲುಚೀಲ ಸವೆಯುವ ಪರಿ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಹುದಿಕೇರಿಯ ಮನೆಗಳ ಜಗಲಿಯಲ್ಲಿ ಗಂಬೂಟುಗಳು ತಲೆಕೆಳಗಾಗಿ ನಿಲ್ಲುತ್ತವೆ. ಪಕ್ಕದ ಹಗ್ಗದ ಮೇಲೆ ಕಾಲುಚೀಲಗಳು. ಅವು ಪೂರ್ತಿ ಒಣಗುವುದು ಅಪರೂಪ. ಬೆಳಿಗ್ಗೆ ಮುಟ್ಟಿದರೂ ಹಿಂದಿನ ಸಂಜೆಯಷ್ಟೇ ತಣ್ಣಗಿರುತ್ತವೆ. ಆ ಸಾಲನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಯಾವುದು ಯಾರದ್ದೆಂದು ಹೇಳಿಬಿಡಬಹುದು. ಕಾಫಿ ತೋಟಕ್ಕೆ ಹೋಗುವವರ ಕಾಲುಚೀಲ ತೂತಾಗುವುದು ಹಿಮ್ಮಡಿಯಲ್ಲಿ. ಹಾಕಿ ಆಡುವ ಹುಡುಗರದ್ದು ಹೆಬ್ಬೆರಳಿನ ತುದಿಯಲ್ಲಿ.

ಬೇರೆ ಊರುಗಳಲ್ಲಿ ತೂತಾದ ಕಾಲುಚೀಲವೆಂದರೆ ನೆಂಟರ ಮನೆ ಬಾಗಿಲಲ್ಲಿ ಶೂ ಬಿಚ್ಚುವಾಗಿನ ಮುಜುಗರ, ಅಷ್ಟೆ. ಬ್ರಹ್ಮಗಿರಿ ಬೆಟ್ಟಸಾಲಿನ ಈ ಕಡೆಯ ಹುದಿಕೇರಿ, ಬಿರುನಾಣಿ, ಶ್ರೀಮಂಗಲದ ತೋಟಗಳಲ್ಲಿ ಹಾಗಲ್ಲ. ಇಲ್ಲಿ ಅದು ಜಿಗಣೆಗೆ ತೆರೆದಿಟ್ಟ ಬಾಗಿಲು. ಮಳೆಗಾಲದಲ್ಲಿ ಕಳೆ ತೆಗೆಯಲು, ಗೊಬ್ಬರ ಹಾಕಲು, ಕಾಫಿ ಗಿಡದ ಬೇಡದ ಚಿಗುರು ಮುರಿಯಲು ಇಳಿದವರ ಕಾಲನ್ನು ಜಿಗಣೆಗಳು ಸುಮ್ಮನೆ ಬಿಡುವುದಿಲ್ಲ. ಕಚ್ಚಿದ್ದು ಗೊತ್ತಾಗದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಗಾಯಕ್ಕೆ ಬಿಟ್ಟು, ಹೊಟ್ಟೆ ತುಂಬಿದ ಮೇಲೆ ಅದು ಉದುರಿ ಹೋಗುತ್ತದೆ. ರಕ್ತ ಮಾತ್ರ ಹರಿಯುತ್ತಲೇ ಇರುತ್ತದೆ.

ಅದಕ್ಕೆಂದೇ ಜಿಗಣೆ ಸಾಕ್ಸ್ ಎಂಬುದಿದೆ. ಮಾಮೂಲಿ ಸಾಕ್ಸ್‌ನ ಮೇಲೆ ತೊಟ್ಟು ಮೊಣಕಾಲಿನ ಕೆಳಗೆ ದಾರದಿಂದ ಬಿಗಿಯುವ ಒತ್ತು ನೇಯ್ಗೆಯ ಹತ್ತಿ ಬಟ್ಟೆಯ ಚೀಲ. ಇದು ಹಳೆಯ ಉಪಾಯ. ಸಿಲೋನಿನ ಕಾಫಿ ಬೆಳೆಗಾರರು ಇಂಥದ್ದನ್ನು ಕಾಲಿಗೆ ಸುತ್ತಿಕೊಳ್ಳುತ್ತಿದ್ದರೆಂದು ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಎಮರ್ಸನ್ ಟೆನೆಂಟ್ 1861ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬಟ್ಟೆ ಏಕೆ, ಹೆಣೆದ ಸಾಕ್ಸ್ ಸಾಲದೇ? ಸಾಲದು. ಹೆಣಿಗೆಯ ಕುಣಿಕೆಗಳ ನಡುವೆ ಎಳೆದರೆ ಹಿಗ್ಗುವ ಜಾಗವಿದೆ; ಹಸಿದ ಜಿಗಣೆ ದಾರದಷ್ಟು ಸಪೂರವಾಗಿ ಅಲ್ಲಿಂದ ತೂರಬಲ್ಲದು.

ಕುಣಿಕೆಯ ಮಾತು ಬಂದಿತಲ್ಲ, ತೂತಿನ ಗುಟ್ಟು ಇರುವುದೂ ಅಲ್ಲೇ. ಪಂಚೆ, ಸೀರೆಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ಹಾಯುವ ನೂಲುಗಳು ಒಂದನ್ನೊಂದು ಅಮುಕಿ ಹಿಡಿದಿರುತ್ತವೆ. ಕಾಲುಚೀಲದಲ್ಲಿ ನೂಲು ಸುತ್ತು ಸುತ್ತಾಗಿ ಓಡುತ್ತ, ಪ್ರತಿ ಕುಣಿಕೆಯೂ ಕೆಳಗಿನ ಕುಣಿಕೆಗೆ ಜೋತು ನಿಂತಿರುತ್ತದೆ. ಒಂದು ಕಡೆ ನೂಲು ಕಡಿದರೆ ಅದರ ಮೇಲಿನದು ಹಿಡಿತ ತಪ್ಪುತ್ತದೆ, ಪಕ್ಕದ್ದು ಸಡಿಲವಾಗುತ್ತದೆ. ಬೆಳಿಗ್ಗೆ ಸಾಸಿವೆ ಕಾಳಿನಷ್ಟಿದ್ದ ತೂತು ಸಂಜೆಗೆ ಒಂದು ರೂಪಾಯಿ ನಾಣ್ಯದಷ್ಟಾಗುವುದು ಹೀಗೆ.

ಆದರೆ ಆ ಮೊದಲ ನೂಲನ್ನು ಕಡಿಯುವವರಾರು?

ಉಗುರು ಎಂದು ಎಲ್ಲರೂ ಹೇಳುತ್ತಾರೆ. ಹೆಬ್ಬೆರಳಿನ ಮಟ್ಟಿಗೆ ಅದು ನಿಜ. ಹಿಮ್ಮಡಿಯಲ್ಲಿ ಉಗುರಿಲ್ಲ, ಅಲ್ಲಿ ಕೆಲಸ ಮಾಡುವುದು ಬೂಟು. ಗಂಬೂಟಿಗೆ ಲೇಸ್ ಇಲ್ಲ, ಪಾದದ ಮೇಲ್ಭಾಗವನ್ನು ಅದು ಹಿಡಿದುಕೊಳ್ಳುವುದಿಲ್ಲ. ಹೆಜ್ಜೆ ಎತ್ತಿದಾಗ ಕಾಲು ಮೊದಲು ಮೇಲೇಳುತ್ತದೆ, ಬೂಟು ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ಕೆಸರು ಅಂಟಿಕೊಂಡು ಬೂಟು ಭಾರವಾದಷ್ಟೂ ಈ ತಡ ಹೆಚ್ಚು. ಲೆಕ್ಕ ಹಾಕಿ ನೋಡಬಹುದು. ಹೆಜ್ಜೆಗೆ 70 ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರಿಗೆ ಸುಮಾರು 1,400 ಹೆಜ್ಜೆ, ಒಂದೊಂದು ಕಾಲಿಗೆ 700. ದಿನಕ್ಕೆ ಎಂಟು ಕಿಲೋಮೀಟರ್ ತೋಟ ಸುತ್ತಿದರೆ ಒಂದು ಹಿಮ್ಮಡಿ 5,600 ಸಲ ಏರಿಳಿಯುತ್ತದೆ. ಪ್ರತಿ ಸಲ ಒಂದು ಸೆಂಟಿಮೀಟರ್ ಮೇಲೆ, ಒಂದು ಸೆಂಟಿಮೀಟರ್ ಕೆಳಗೆ ಎಂದಿಟ್ಟುಕೊಂಡರೂ ದಿನಕ್ಕೆ 112 ಮೀಟರ್. ಹಿಮ್ಮಡಿಯನ್ನು ಅಷ್ಟುದ್ದದ ಗೋಡೆಗೆ ಉಜ್ಜಿಕೊಂಡು ಹೋದ ಹಾಗೆ. ಕಾಲುಚೀಲ ಒಂದು ಮಳೆಗಾಲ ಬಾಳಿದರೆ ಅದನ್ನು ಮೆಚ್ಚಬೇಕು.

ಈ ಗಂಬೂಟಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ಇಂಗ್ಲೆಂಡಿನಲ್ಲಿ ಇದಕ್ಕೆ ವೆಲಿಂಗ್ಟನ್ ಎಂದೇ ಹೆಸರು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು, ಮರುವರ್ಷ ಧೋಂಡಿಯ ವಾಘನ ಬೆನ್ನಟ್ಟಿ ಉತ್ತರ ಕರ್ನಾಟಕವನ್ನೆಲ್ಲ ತಿರುಗಿದವನು. ಊರಿಗೆ ಮರಳಿದ ಮೇಲೆ ಅವನು ಲಂಡನ್ನಿನಲ್ಲಿ ಹೊಲಿಸಿಕೊಂಡ ಬೂಟು ಚರ್ಮದ್ದು. ಗಂಧಕ ಬೆರೆಸಿ ರಬ್ಬರನ್ನು ಕಾಯಿಸಿ ಗಟ್ಟಿ ಮಾಡುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ; ಅದನ್ನೇ ಬಳಸಿ ಹಿರಾಮ್ ಹಚಿನ್ಸನ್ 1853ರಲ್ಲಿ ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ತೆರೆದ. ನೀರು ಒಳಬರದ ಬೂಟು ರೈತರಿಗೆ ದೊಡ್ಡ ವರವಾಯಿತು. ಹೊರಗಿನ ನೀರನ್ನು ತಡೆಯುವ ರಬ್ಬರು ಒಳಗಿನ ಬೆವರನ್ನೂ ತಡೆಯುತ್ತದೆ ಎಂಬ ತಕರಾರು ಮಾತ್ರ ಅಂದಿನಿಂದ ಇಂದಿನವರೆಗೂ ಹಾಗೇ ಉಳಿದಿದೆ.

ಬೆವರಿನದ್ದು ಸಣ್ಣ ಪಾತ್ರವಲ್ಲ. ಒದ್ದೆಯಾದರೆ ಹತ್ತಿ ಹಾಳಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜಸ್ಥಿತಿ ತಿರುಗಾಮುರುಗಾ: ಹತ್ತಿಯ ನೂಲು ಒದ್ದೆಯಾದಾಗ ಎಳೆತಕ್ಕೆ ಇನ್ನಷ್ಟು ಗಟ್ಟಿ. ಉಣ್ಣೆ ಮತ್ತು ವಿಸ್ಕೋಸ್ ನೆನೆದಾಗ ದುರ್ಬಲವಾಗುತ್ತವೆ. ‘ಬಿದಿರಿನ ಸಾಕ್ಸ್’ ಎಂದು ಈಗ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಅದರ ನೂಲು ಬಹುಪಾಲು ವಿಸ್ಕೋಸ್. ಕೊಡಗಿನ ಜುಲೈಗೆ ಅದು ಹೇಳಿಮಾಡಿಸಿದ್ದಲ್ಲ. ಹಾಗಿದ್ದರೆ ಒದ್ದೆ ಹತ್ತಿ ಸಾಕ್ಸ್ ಬೇಗ ತೂತಾಗುವುದೇಕೆ? ಒಣಗಿದ ಕಾಲುಚೀಲ ಚರ್ಮದ ಮೇಲೂ ಒಂದಿಷ್ಟು ಜಾರುತ್ತದೆ, ಬೂಟಿನ ಮೇಲೂ ಒಂದಿಷ್ಟು ಜಾರುತ್ತದೆ. ಉಜ್ಜಾಟ ಎರಡೂ ಕಡೆಗೆ ಹಂಚಿಹೋಗುತ್ತದೆ. ಒದ್ದೆಯಾದದ್ದು ಚರ್ಮಕ್ಕೆ ಮೆತ್ತಿಕೊಂಡುಬಿಡುತ್ತದೆ. ಆಮೇಲೆ ಜಾರಾಟವೆಲ್ಲ ಬೂಟಿನ ಕಡೆಗೇ. ಜತೆಗೆ ಮಣ್ಣು. ತೋಟದ ಕೆಂಪು ಮಣ್ಣಿನಲ್ಲಿರುವ ಮರಳಿನ ಕಣಗಳು ಉಕ್ಕಿನ ಚಾಕುವನ್ನೂ ಗೀರಬಲ್ಲಷ್ಟು ಗಟ್ಟಿ. ಒದ್ದೆ ನೂಲಿಗೆ ಅವು ಅಂಟಿಕೊಂಡರೆ ಕಾಲುಚೀಲಕ್ಕೂ ಬೂಟಿಗೂ ನಡುವೆ ಉಪ್ಪುಕಾಗದ ಇಟ್ಟಂತೆ.

ಸಂಜೆ ಗಂಬೂಟು ಕೊಡವಿದರೆ ಸಾಕ್ಷಿ ನೆಲಕ್ಕೆ ಬೀಳುತ್ತದೆ. ಎರಡು ಕಾಫಿ ಎಲೆ, ಚಿಟಿಕೆ ಮರಳು, ಹಾಗೂ ಬೆರಳಲ್ಲಿ ಹೊಸೆಯಬಹುದಾದ ಒಂದು ಬೂದು ಬಣ್ಣದ ಉಂಡೆ. ಆ ಉಂಡೆ ಕಾಲುಚೀಲವೇ: ಆ ದಿನ ಸವೆದು ಉದುರಿದ ಹತ್ತಿ. ಹಿಮ್ಮಡಿಯ ಭಾಗವನ್ನು ಬೆಳಕಿಗೆ ಹಿಡಿದರೆ ಉಳಿದ ಕಥೆ ಕಾಣುತ್ತದೆ. ತೂತಾಗುವ ಮೊದಲು ಅದು ಜರಡಿಯಾಗಿರುತ್ತದೆ, ಆಚೆಗಿನ ಬೆರಳು ಕಾಣುವಷ್ಟು ತೆಳು. ಹತ್ತಿಯೆಲ್ಲ ಹೋಗಿ ಅದರ ಜತೆ ಹೆಣೆದ ನೈಲಾನ್ ಬಲೆ ಮಾತ್ರ ಉಳಿದಿದೆ. ಜವಳಿಯ ನಾರುಗಳಲ್ಲಿ ಉಜ್ಜಾಟವನ್ನು ನೈಲಾನಿನಷ್ಟು ತಾಳುವಂಥವು ವಿರಳ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರೊಥರ್ಸ್ ತಂಡ ಅದನ್ನು ತಯಾರಿಸಿದ್ದು 1935ರಲ್ಲಿ. 1940ರಲ್ಲಿ ಅದು ಹೆಸರು ಮಾಡಿದ್ದೂ ಕಾಲಿಗೆ ತೊಡುವ ವಸ್ತುವಾಗಿಯೇ, ಹೆಂಗಸರ ಸ್ಟಾಕಿಂಗ್ಸ್ ರೂಪದಲ್ಲಿ. ನೂರಕ್ಕೆ ನೂರು ಹತ್ತಿ ಎಂಬ ಚೀಟಿ ಕಂಡು ಹಿಗ್ಗುವವರು ಹಿಮ್ಮಡಿ ಮತ್ತು ಬೆರಳ ಭಾಗದಲ್ಲಾದರೂ ನೈಲಾನ್ ಇದೆಯೇ ಎಂದು ಕೇಳಬೇಕು.

ಹಾಕಿ ಆಟಗಾರರ ಕಥೆ ಬೇರೆ. ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರುಮಾಡಿದಾಗ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ ಬಂದ ತಂಡಗಳು 360. ಅಷ್ಟು ತಂಡಗಳ ಆಟಗಾರರಲ್ಲಿ ಹೆಬ್ಬೆರಳು ಇಣುಕದ ಕಾಲುಚೀಲ ಎಷ್ಟಿದ್ದಾವು! ಓಡುತ್ತಿದ್ದವನು ಗಕ್ಕನೆ ನಿಂತರೆ ಶೂ ನೆಲ ಕಚ್ಚುತ್ತದೆ, ಪಾದ ಒಳಗೆ ಮುಂದಕ್ಕೆ ಜಾರಿ ಶೂವಿನ ಮೂತಿಗೆ ಗುದ್ದುತ್ತದೆ. ನಡುವೆ ಸಿಕ್ಕಿಬಿದ್ದ ನೂಲಿಗೆ ಒಂದು ಕಡೆ ಉಗುರು, ಇನ್ನೊಂದು ಕಡೆ ಗೋಡೆ. ಅಣ್ಣನ ಶೂ ತಮ್ಮ ಹಾಕಿಕೊಂಡರೆ ಜಾರಲು ಜಾಗ ಇನ್ನೂ ಹೆಚ್ಚು.

ಹಾಗಾಗಿ ಒಂದೇ ಜಾಗದಲ್ಲಿ ಪದೇ ಪದೇ ತೂತಾಗುತ್ತಿದ್ದರೆ ಹೊಸ ಸಾಕ್ಸ್ ಕೊಳ್ಳುವ ಮೊದಲು ಶೂವಿನೊಳಗೆ ಕೈ ಹಾಕಿ ನೋಡುವುದು ಒಳ್ಳೆಯದು. ಬಹಳ ಸಲ ಹಿಮ್ಮಡಿಯ ಹತ್ತಿರ ಒಳಬಟ್ಟೆ ಹರಿದು, ಅದರ ಹಿಂದಿನ ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಬೆರಳಿಗೆ ತಾಗುತ್ತದೆ. ಅದು ಅರದಂತೆ ಕೆಲಸ ಮಾಡುತ್ತಿರುತ್ತದೆ. ಚಪ್ಪಲಿ ರಿಪೇರಿ ಮಾಡುವವರು ಅಲ್ಲಿಗೆ ಮೆತ್ತನೆಯ ಚರ್ಮದ ತುಂಡೊಂದನ್ನು ಅಂಟಿಸಿ ಹೊಲಿದುಕೊಟ್ಟರೆ ಮುಂದಿನ ಕಾಲುಚೀಲ ಬದುಕಿಕೊಳ್ಳುತ್ತದೆ. ಗಂಬೂಟಿನೊಳಗೆ ಎರಡು ಸಾಕ್ಸ್ ಹಾಕಿದರೆ, ಒಳಗೆ ತೆಳುವಾದದ್ದು ಹೊರಗೆ ದಪ್ಪನೆಯದು, ಜಾರಾಟದ ಒಂದು ಪಾಲು ಅವೆರಡರ ನಡುವೆ ನಡೆದುಹೋಗುತ್ತದೆ, ಬೊಬ್ಬೆಯೂ ಕಡಿಮೆ.

ರಷ್ಯಾದ ಸೈನಿಕರು ಕಾಲುಚೀಲದ ಬದಲು ಪೋರ್ತ್ಯಾಂಕಿ ಎಂಬ ಆಯತಾಕಾರದ ಬಟ್ಟೆಯನ್ನು ಪಾದಕ್ಕೆ ಸುತ್ತಿಕೊಂಡು ಬೂಟು ಹಾಕುತ್ತಿದ್ದರು. ಅಲ್ಲಿನ ಸೇನೆ ಅದನ್ನು ಕೈಬಿಡಲು ತೀರ್ಮಾನಿಸಿದ್ದು 2013ರಲ್ಲಿ. ಹಳೇ ಕಾಲದ್ದೆಂದು ನಗಬಹುದು, ಆದರೆ ಆ ಬಟ್ಟೆಗೆ ಹಿಮ್ಮಡಿ ಎಂಬುದೇ ಇರಲಿಲ್ಲ. ದಿನಕ್ಕೊಂದು ಮೂಲೆ ತಿರುಗಿಸಿ ಸುತ್ತಿದರೆ ಸವೆತ ಎಲ್ಲ ಕಡೆಗೂ ಹಂಚಿಹೋಗುತ್ತಿತ್ತು. ನಮ್ಮ ಕಾಲುಚೀಲದಲ್ಲಿ ಅಂಥ ಅನುಕೂಲ ಬೆರಳ ತುದಿಗೆ ಮಾತ್ರ ಇದೆ. ಎಡಬಲವಿಲ್ಲದ ಜೋಡಿಯಾದರೆ ಈವತ್ತು ಎಡಗಾಲಿಗೆ ಹಾಕಿದ್ದನ್ನು ನಾಳೆ ಬಲಗಾಲಿಗೆ ಹಾಕಬಹುದು. ಹೆಬ್ಬೆರಳು ಮೂಲೆ ಬದಲಿಸುತ್ತದೆ. ಹಿಮ್ಮಡಿ ಮಾತ್ರ ಎತ್ತ ತಿರುಗಿಸಿದರೂ ಅಲ್ಲೇ.