ಕಿಲುಬು ತಿಕ್ಕುವ ಮುನ್ನ

ಹನ್ನೆರಡು ಮುಖ. ಒಂದೊಂದು ಮುಖದ ನಡುವೆಯೂ ಒಂದು ದುಂಡು ತೂತು, ತೂತುಗಳ ಅಳತೆ ಬೇರೆ ಬೇರೆ. ಇಪ್ಪತ್ತು ಮೂಲೆಗಳಲ್ಲೂ ಗುಂಡನೆಯ ಗುಬಟು. ಒಳಗೆ ಬರೀ ಪೊಳ್ಳು. 2023ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ನಾರ್ಟನ್ ಡಿಸ್ನಿ ಎಂಬ ಹಳ್ಳಿಯಲ್ಲಿ ಸ್ಥಳೀಯ ಹವ್ಯಾಸಿ ತಂಡವೊಂದು ಉತ್ಖನನ ನಡೆಸುತ್ತಿದ್ದಾಗ ಸಿಕ್ಕ ವಸ್ತು ಇದು. ಎತ್ತರ ಸುಮಾರು 8 ಸೆಂ.ಮೀ., ತೂಕ 245 ಗ್ರಾಂ. ತಾಮ್ರಕ್ಕೆ ಸೀಸ, ತವರ ಬೆರೆಸಿ ಎರಕ ಹೊಯ್ದದ್ದು. ರೋಮನ್ನರ ಕಾಲದ್ದು ಎಂಬುದರಲ್ಲಿ ಅನುಮಾನವಿಲ್ಲ. ಯಾತಕ್ಕೆ ಮಾಡಿದರು ಎಂಬುದು ಮಾತ್ರ ಇವತ್ತಿಗೂ ಯಾರಿಗೂ ತಿಳಿದಿಲ್ಲ.

ಇಂಥ ವಸ್ತು ದಾಖಲೆಗೆ ಬಂದದ್ದು 1739ರಲ್ಲಿ. ಅಲ್ಲಿಂದೀಚೆಗೆ ಸುಮಾರು 130 ಸಿಕ್ಕಿವೆ, ಹೆಚ್ಚಿನವು ಬ್ರಿಟನ್, ಫ್ರಾನ್ಸ್, ಜರ್ಮನಿಯ ಕಡೆಯವು. ರೋಮ್ ಇರುವ ಇಟಲಿಯಲ್ಲೇ ಒಂದೂ ಇಲ್ಲ! ಆ ಕಾಲದ ಯಾವ ಬರಹದಲ್ಲೂ, ಯಾವ ಚಿತ್ರದಲ್ಲೂ ಇದರ ಸುಳಿವಿಲ್ಲ. ಅಳತೆಯ ಸಾಧನ ಎಂದವರಿದ್ದಾರೆ. ಹಾಗಿದ್ದರೆ ಎಲ್ಲವೂ ಒಂದೇ ಗಾತ್ರದಲ್ಲಿ ಇರಬೇಕಿತ್ತು, ಇಲ್ಲ. ಕೈಗವಸು ಹೆಣೆಯುವುದಕ್ಕೆ ಎಂದವರಿದ್ದಾರೆ. ದಿನವೂ ಬಳಸಿದ್ದರೆ ಅಂಚು ಸವೆಯಬೇಕಿತ್ತು, ನಾರ್ಟನ್ ಡಿಸ್ನಿಯದರಲ್ಲಿ ಸವೆತವೇ ಕಾಣುವುದಿಲ್ಲ. ದೀಪದ ಕಂಬ, ದಾಳ, ಬಿತ್ತನೆಯ ಕಾಲ ಗೊತ್ತುಮಾಡುವ ಸಾಧನ ಎಂಬ ಊಹೆಗಳೂ ಇವೆ. ಪೂಜೆಗೋ ಶಕುನಕ್ಕೋ ಬಳಸಿರಬೇಕು ಎಂಬ ಮಾತೇ ನನಗೆ ಹೆಚ್ಚು ಒಪ್ಪಿಗೆಯಾಗುವುದು. ಇಷ್ಟು ಚೆಂದವಾಗಿ ಎರಕ ಹೊಯ್ದು, ಸವೆಯದಂತೆ ಜೋಪಾನ ಮಾಡಿದ್ದನ್ನು ದಿನಬಳಕೆಯ ಸಾಮಾನು ಎನ್ನಲು ಮನಸ್ಸು ಬಾರದು.

ಇಷ್ಟು ಸಿಕ್ಕರೂ ಉತ್ತರ ಸಿಗದಿರಲು ಒಂದು ಮುಖ್ಯ ಕಾರಣವಿದೆ. ಇವುಗಳಲ್ಲಿ ಎಷ್ಟೋ ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಇದ್ದವು ಎಂದು ಯಾರೂ ಬರೆದಿಡಲಿಲ್ಲ. ನಾರ್ಟನ್ ಡಿಸ್ನಿಯದಕ್ಕೆ ಬೆಲೆ ಬಂದದ್ದು ಅದು ಇಡಿಯಾಗಿ ಇದ್ದದ್ದರಿಂದ ಮಾತ್ರವಲ್ಲ. ಹೂತಿಟ್ಟ ಗುಂಡಿಯಲ್ಲೇ, ನಾಲ್ಕನೇ ಶತಮಾನದ ಮಡಕೆ ಚೂರುಗಳ ಜೊತೆಯಲ್ಲೇ ಸಿಕ್ಕಿತು. ಬೆಲ್ಜಿಯಂನ ಕೋರ್ಟೆಸೆಮ್‌ನಲ್ಲಿ ಹವ್ಯಾಸಿಯೊಬ್ಬರ ಮೆಟಲ್ ಡಿಟೆಕ್ಟರ್‌ಗೆ ಸಿಕ್ಕಿದ್ದು ಇಂಥದೇ ವಸ್ತುವಿನ ಒಂದು ಚೂರು ಮಾತ್ರ. ಅವರು ಅದನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳದೆ ತಜ್ಞರಿಗೆ ಒಪ್ಪಿಸಿದರು, ಸಿಕ್ಕ ಜಾಗವನ್ನೂ ತೋರಿಸಿದರು. ಆ ಚೂರು ಈಗ ಟೊಂಗೆರೆನ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ವಸ್ತುವೂ ಇಷ್ಟು ಕಗ್ಗಂಟಲ್ಲ. ಬ್ರಿಟನ್ನಿನ ಹೊಲಗಳಲ್ಲಿ ಆಗಾಗ ಸಿಗುವ ಗುಂಡು ಗಂಟೆಯನ್ನೇ ನೋಡಿ. ಲಿಂಬೆಹಣ್ಣಿನ ಗಾತ್ರ, ಮೇಲೆ ಬಳೆಯಂಥ ಹಿಡಿ, ಕೆಳಗೆ ಉದ್ದ ಸೀಳು, ಒಳಗೆ ಕಬ್ಬಿಣದ ಗುಂಡು. ಗೆಜ್ಜೆಸರ ಕಟ್ಟಿದ ಎತ್ತುಗಳನ್ನು ಕಂಡ ನಮ್ಮ ರೈತನ ಕೈಗೆ ಕೊಟ್ಟರೆ ಇದೇನೆಂದು ಕೇಳುವ ಪ್ರಮೇಯವೇ ಬಾರದು. ಅಲ್ಲಿ ಬಂಡಿಯ ಕುದುರೆಗಳಿಗೆ ಕಟ್ಟುತ್ತಿದ್ದರು. ಮಣ್ಣು ಬಿಡಿಸಿ ಕೆಳಭಾಗ ನೋಡಿದರೆ ಕೆಲವದರಲ್ಲಿ ‘ಆರ್ ಡಬ್ಲ್ಯೂ’ ಎಂಬ ಅಕ್ಷರಗಳಿರುತ್ತವೆ. ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ಹದಿನೆಂಟನೇ ಶತಮಾನದಲ್ಲಿ ಗಂಟೆ ಎರಕ ಹೊಯ್ಯುತ್ತಿದ್ದ ರಾಬರ್ಟ್ ವೆಲ್ಸ್‌ನ ಗುರುತು ಅದು. ಎರಡೇ ಅಕ್ಷರದಿಂದ ಊರು, ಕಸುಬುದಾರ, ಕಾಲ ಎಲ್ಲವೂ ಸಿಕ್ಕಿಬಿಡುತ್ತವೆ.

ಅದಕ್ಕೇ ತಿಳಿದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ತೂಕ, ಆಮೇಲೆ ಸವೆತ ಮತ್ತು ಗುರುತು. ಹಸಿರು ಕಿಲುಬಿದ್ದರೆ ತಾಮ್ರ ಅಥವಾ ಕಂಚು. ಬೂದು ಬಿಳುಪು, ಕೈಗೆ ಭಾರವೆನಿಸಿದರೆ ಸೀಸ. ಬೆಳ್ಳಿ ಕಪ್ಪಾಗಿರುತ್ತದೆ. ಚಿನ್ನ ಸಾವಿರ ವರ್ಷ ಮಣ್ಣಲ್ಲಿದ್ದರೂ ನಿನ್ನೆ ಬಿದ್ದಂತಿರುತ್ತದೆ. ಕಬ್ಬಿಣ ಮಾತ್ರ ತುಕ್ಕಿನ ಮುದ್ದೆ. ಒಳಗೆ ಕೀಲಿಯಿದೆಯೋ ಚಾಕುವಿದೆಯೋ ಎಂದು ಎಕ್ಸ್‌ರೇ ಹೇಳಬೇಕು. ಈ ಪರೀಕ್ಷೆಗಳಿಗೆಲ್ಲ ದೊಡ್ಡ ಶತ್ರು ತಿಕ್ಕಿ ತೊಳೆಯುವ ಚಪಲ. ಕಿಲುಬಿನ ಜೊತೆಗೇ ಮೇಲ್ಮೈಯ ಸಣ್ಣ ಅಕ್ಷರ, ಗಿಲೀಟಿನ ಕುರುಹು ಎಲ್ಲ ಹೋಗಿಬಿಡುತ್ತವೆ. ಗುರುತು ಸಿಗದ ಕಬ್ಬಿಣವನ್ನು ಮುಟ್ಟದೆ ಪೊಲೀಸರನ್ನು ಕರೆಯಬೇಕಾದ ಊರುಗಳೂ ಇವೆ. ಬೆಲ್ಜಿಯಂ, ಫ್ರಾನ್ಸ್‌ಗಳ ಹಳೆಯ ಯುದ್ಧಭೂಮಿಯಲ್ಲಿ ಮೊದಲ ಮಹಾಯುದ್ಧದ ಸಿಡಿಯದ ಗುಂಡುಗಳು ಇಂದಿಗೂ ನೇಗಿಲಿಗೆ ಸಿಗುತ್ತವೆ.

1997ರಲ್ಲಿ ಶುರುವಾದ ಒಂದು ಒಳ್ಳೆಯ ಏರ್ಪಾಡು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿದೆ. ಹವ್ಯಾಸಿಗಳು ತಮಗೆ ಸಿಕ್ಕಿದ್ದನ್ನು ಜಿಲ್ಲೆಯ ತಜ್ಞರಿಗೆ ತೋರಿಸುತ್ತಾರೆ, ಅವರು ಚಿತ್ರ, ಅಳತೆ, ಜಾಗ ದಾಖಲಿಸಿ ಬಹುಪಾಲು ವಸ್ತುಗಳನ್ನು ವಾಪಸ್ ಕೊಡುತ್ತಾರೆ. ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ಆದರೂ ಅಲ್ಲಿನ ನಿಧಿ ಕಾನೂನಿನಲ್ಲಿ ತೂತು ಉಳಿದಿತ್ತು. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್‌ನಲ್ಲಿ ಸಿಕ್ಕ ರೋಮನ್ ಮುಖವಾಡದ ಶಿರಸ್ತ್ರಾಣ ಚಿನ್ನ ಬೆಳ್ಳಿಯದಲ್ಲ ಎಂಬ ಕಾರಣಕ್ಕೆ ನಿಧಿಯ ಲೆಕ್ಕಕ್ಕೆ ಬರಲಿಲ್ಲ. 20 ಲಕ್ಷ ಪೌಂಡಿಗೂ ಮಿಕ್ಕ ಬೆಲೆಗೆ ಹರಾಜಾಗಿ ಖಾಸಗಿಯವರ ಪಾಲಾಯಿತು. 2023ರಲ್ಲಿ ನಿಯಮ ತಿದ್ದಿ, ಇತಿಹಾಸದ ದೃಷ್ಟಿಯಿಂದ ಮಹತ್ವದ್ದಾದರೆ ಬೇರೆ ಲೋಹದ ವಸ್ತುವೂ ನಿಧಿಯಾಗಬಹುದು ಎಂದರು. ಬೆಲೆಯನ್ನು ತಕ್ಕಡಿಯಲ್ಲಿ ತೂಗುವುದನ್ನು ಕಾನೂನು ಬಿಟ್ಟಿತು ಎಂಬುದೇ ನನಗೆ ಇದರಲ್ಲಿ ದೊಡ್ಡ ಮಾತು.

ನಮ್ಮಲ್ಲಿ ಡಿಟೆಕ್ಟರ್ ಹಿಡಿದು ನೆಲ ಕೆದಕುವುದು ಹವ್ಯಾಸವಲ್ಲ, ನಿಧಿಗಳ್ಳರ ದಂಧೆ. ಹಾಳು ದೇಗುಲಗಳ ಗರ್ಭಗುಡಿಯನ್ನೇ ಅಗೆದು ಹೋದದ್ದನ್ನು ಊರೂರಲ್ಲಿ ಕಂಡಿದ್ದೇವೆ. ಆದರೆ ಪಾಯ ತೋಡುವಾಗ, ಉಳುವಾಗ ತಾನಾಗಿ ಮೇಲೆ ಬರುವುದೂ ಉಂಟು. ಹಾಗೆ ಸಿಕ್ಕ ನಿಧಿಯನ್ನು ಆಡಳಿತಕ್ಕೆ ತಿಳಿಸಲೇಬೇಕೆಂಬ ಕಾನೂನು 1878ರಿಂದಲೂ ಇದೆ. ನಿಮ್ಮ ಹೊಲದಲ್ಲಿ ಹಸಿರುಗಟ್ಟಿದ ತುಂಡೊಂದು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಗುಜರಿಯವನ ತಕ್ಕಡಿಗೆ ಹಾಕಬೇಡಿ. ಅಗೆಯುವುದನ್ನು ನಿಲ್ಲಿಸಿ, ಇದ್ದ ಜಾಗದಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.