ಗುಲಾಮಗಿರಿಯ ಪರ ವಾದಿಸಿದ ಗುಲಾಮ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನ ಆಗ್ನೇಯ ಬಡಾವಣೆಗಳಲ್ಲಿ ಘಾನಾ, ಸುರಿನಾಮ್ ಮೂಲದ ಸಾವಿರಾರು ಕುಟುಂಬಗಳಿವೆ. ಅದೇ ಘಾನಾ ಕರಾವಳಿಯಿಂದ ಸುಮಾರು ಮುನ್ನೂರು ವರ್ಷಗಳ ಹಿಂದೆ ಈ ದೇಶಕ್ಕೆ ಬಂದು, ತಮ್ಮ ಬರವಣಿಗೆಯನ್ನು ಉಳಿಸಿಹೋದವರು ಯಾಕೋಬುಸ್ ಕಾಪಿಟೈನ್. ಹುಟ್ಟಿದ್ದು 1717ರ ಸುಮಾರಿಗೆ. ಏಳೆಂಟು ವರ್ಷದ ಅನಾಥ ಹುಡುಗನನ್ನು ಡಚ್ ಹಡಗಿನ ನಾಯಕನೊಬ್ಬ ಕೊಂಡ. ಆಮೇಲೆ ವೆಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಿ ಯಾಕೋಬುಸ್ ಫಾನ್ ಗೋಖ್‌ಗೆ ಕೊಟ್ಟುಬಿಟ್ಟ. 1728ರಲ್ಲಿ ಗೋಖ್ ಅವನನ್ನು ಹಾಲೆಂಡಿಗೆ ಕರೆತಂದ. ದಿ ಹೇಗ್‌ನಲ್ಲಿ ಓದು, 1735ರಲ್ಲಿ ದೀಕ್ಷಾಸ್ನಾನ, 1737ರಲ್ಲಿ ಲೈಡನ್ ವಿಶ್ವವಿದ್ಯಾಲಯ. 1742ರ ಮಾರ್ಚ್ 10ರಂದು ಅವರು ಅಲ್ಲಿ ಲ್ಯಾಟಿನ್‌ನಲ್ಲಿ ಉಪನ್ಯಾಸ ಕೊಟ್ಟರು. ಗುಲಾಮಗಿರಿ ಕ್ರೈಸ್ತ ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲ ಎಂಬುದೇ ಅದರ ವಾದ. ಡಚ್ ಅನುವಾದ ಅದೇ ವರ್ಷ ಮತ್ತೆ ಮತ್ತೆ ಅಚ್ಚಾಯಿತು.

ಇದನ್ನು ಸ್ವಜನದ್ರೋಹ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ವಾದ ಯಾವ ಇಕ್ಕಟ್ಟಿನಲ್ಲಿ ಹುಟ್ಟಿತೆಂದು ನೋಡಬೇಕು. ದೀಕ್ಷೆ ಕೊಟ್ಟರೆ ಬಿಡುಗಡೆಯನ್ನೂ ಕೊಡಬೇಕಾದೀತೆಂದು ಹೆದರಿದ ತೋಟದ ಮಾಲೀಕರು ಗುಲಾಮರನ್ನು ಚರ್ಚಿನಿಂದ ದೂರ ಇಡುತ್ತಿದ್ದರು. ಆತ್ಮದ ಬಿಡುಗಡೆ ಬೇರೆ, ದೇಹದ ದಾಸ್ಯ ಬೇರೆ ಎಂದು ಹೇಳಿ ಕಾಪಿಟೈನ್ ಆ ಬಾಗಿಲು ತೆರೆಸಲು ಹೊರಟರು. ಹಾಲೆಂಡಿನ ನೆಲದಲ್ಲಿ ಅವರು ಗುಲಾಮರಾಗಿರಲಿಲ್ಲ, ಬೇರೆ ಮಾತು ಆಡಬಹುದಿತ್ತಲ್ಲ ಎಂಬ ಆಕ್ಷೇಪವಿದೆ. ಕಾನೂನಿನ ದೃಷ್ಟಿಯಿಂದ ಅದು ನಿಜ. ಆದರೆ ಅವರ ಅನ್ನ, ಓದು, ಮುಂದೆ ಸಿಗಬೇಕಿದ್ದ ಪಾದ್ರಿ ಹುದ್ದೆ ಎಲ್ಲವೂ ಚರ್ಚು ಮತ್ತು ಕಂಪನಿಯವರ ಕೈಯಲ್ಲಿತ್ತು. ಹಾಗೆಂದು ಅವರು ನಿರ್ದೋಷಿಯೆಂದು ನಾನು ಹೇಳಲಾರೆ. ಆಫ್ರಿಕದವನೇ ಒಪ್ಪಿದ್ದಾನೆ ಎಂಬ ಸಮಾಧಾನವನ್ನು ಆ ಪುಸ್ತಕ ಮಾಲೀಕರಿಗೆ ಕೊಟ್ಟಿತು, ಆ ಹಾನಿ ಸಣ್ಣದಲ್ಲ. ನನ್ನ ವಾದ ಇಷ್ಟೇ: ಆ ಸಮಾಧಾನಕ್ಕಾಗಿ ಕಾದಿದ್ದ ಸಮಾಜದ ಹೊಣೆಯನ್ನು ಅವರೊಬ್ಬರ ತಲೆಗೆ ಕಟ್ಟಬಾರದು.

ಮುಂದಿನ ಬದುಕೇ ಇದಕ್ಕೆ ಸಾಕ್ಷಿ. 1742ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಪಾದ್ರಿಯಾಗಿ ನೇಮಕಗೊಂಡು ಅವರು ಘಾನಾ ಕರಾವಳಿಯ ಎಲ್ಮಿನಾ ಕೋಟೆಗೆ ಹೋದರು. ಗುಲಾಮರನ್ನು ಹಡಗು ಹತ್ತಿಸುವವರೆಗೆ ಕೂಡಿಹಾಕುತ್ತಿದ್ದ ಕೋಟೆಯದು. ಮಕ್ಕಳಿಗೆ ಶಾಲೆ ತೆರೆದರು, ಹತ್ತು ಆಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಫಾಂಟೆ ಭಾಷೆಗೆ ತಂದರು. ಸ್ಥಳೀಯ ಹೆಣ್ಣನ್ನು ಮದುವೆಯಾಗಬೇಕೆಂದಾಗ, ಆಕೆಗೆ ದೀಕ್ಷೆಯಾಗಿಲ್ಲವೆಂದು ಚರ್ಚು ಅಡ್ಡಬಂತು. 1745ರಲ್ಲಿ ಡಚ್ ಯುವತಿಯೊಂದಿಗೆ ಮದುವೆಯಾಯಿತು. ಚರ್ಚಿನ ಪರವಾಗಿ ಅಷ್ಟೆಲ್ಲ ವಾದಿಸಿದವರಿಗೆ ತಮ್ಮ ಮದುವೆಯ ಆಯ್ಕೆಯೂ ತಮ್ಮದಾಗಿರಲಿಲ್ಲ. 1747ರ ಫೆಬ್ರವರಿ 1ರಂದು, ಮೂವತ್ತರ ಆಸುಪಾಸಿನಲ್ಲಿ, ಅಲ್ಲೇ ತೀರಿಕೊಂಡರು.

ಕರ್ನಾಟಕದಲ್ಲೂ ಇಂಥ ಕಥೆಯಿದೆ: ಯಲ್ಲಾಪುರ, ಹಳಿಯಾಳದ ಆಫ್ರಿಕ ಮೂಲದ ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಮಂದಿ ಪೋರ್ಚುಗೀಸರ ಗೋವಾದ ಮೂಲಕ ಗುಲಾಮರಾಗಿ ಬಂದವರು. ಆ ಮೊದಲ ತಲೆಮಾರಿಗೆ ಬರೆಯುವ ಅವಕಾಶವೇ ಸಿಗಲಿಲ್ಲ. ಕಾಪಿಟೈನರಿಗೆ ಸಿಕ್ಕಿತು, ಪೋಷಕರು ಸಹಿಸಬಲ್ಲಷ್ಟನ್ನು ಮಾತ್ರ ಬರೆಯುವ ಅವಕಾಶ ಅದು. ಹೊಣೆ ಯಾರದೆಂಬ ಪ್ರಶ್ನೆಗೆ ಡಚ್ಚರ ಲೆಕ್ಕಪತ್ರವೇ ಇನ್ನೂ ನೇರವಾಗಿ ಉತ್ತರಿಸುತ್ತದೆ. 1863ರ ಜುಲೈ 1ರಂದು ಡಚ್ ವಸಾಹತಾದ ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾದಾಗ ತಲೆಗೆ 300 ಗಿಲ್ಡರ್ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಬಿಡುಗಡೆಯಾದವರಲ್ಲಿ ಹೆಚ್ಚಿನವರು ಸರ್ಕಾರದ ಉಸ್ತುವಾರಿಯಲ್ಲಿ ಇನ್ನೂ ಹತ್ತು ವರ್ಷ ಕರಾರಿನ ಮೇಲೆ ದುಡಿಯಬೇಕಾಯಿತು. ಡಚ್ ಸರ್ಕಾರದ ಪರವಾಗಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದ್ದು 2022ರ ಡಿಸೆಂಬರ್‌ನಲ್ಲಿ.